ರೌಟರ್ ನನ್ನದಾದ್ರೆ ಟೀವಿ ಯಾಕೆ ಮುನಿಸಿಕೊಳ್ಳಬೇಕು?

ಮನೆಗೆ ಕರೆಂಟು ಬರುತ್ತೆ. ಮೀಟರಿನ ತನಕ ಬೆಸ್ಕಾಂನವರದ್ದು, ಮೀಟರಿಂದ ಈಚೆಗೆ ನಮ್ಮದು. ಒಳಗೆ ಯಾವ ಕಂಪನಿಯ ಮಿಕ್ಸಿ ಇಟ್ಕೊಂಡಿದ್ದೀವಿ, ಗ್ರೈಂಡರ್ ಎಲ್ಲಿಂದ ತಂದಿದ್ದು ಅಂತ ಅವರು ಕೇಳೋದಿಲ್ಲ. "ಕರೆಂಟು ಕೊಡ್ತೀವಿ, ಆದರೆ ನಮ್ಮ ಮಿಕ್ಸಿಯಲ್ಲಿ ರುಬ್ಬಿದರೆ ಮಾತ್ರ ಚಟ್ನಿ ನುಣ್ಣಗಾಗುತ್ತೆ" ಅಂದ್ರೆ ನಾವು ನಕ್ಕುಬಿಡ್ತೀವಿ. ಇಂಟರ್ನೆಟ್ ಕೊಡೋ ಕಂಪನಿಯವರು ಇದೇ ಮಾತು ಹೇಳಿದಾಗ ಮಾತ್ರ ಯಾರಿಗೂ ನಗು ಬರೋದಿಲ್ಲ. ತಲೆ ಅಲ್ಲಾಡಿಸಿ ಅವರ ಡಬ್ಬಿಗೆ ತಿಂಗಳ ಬಾಡಿಗೆ ಕಟ್ತೀವಿ.

ನಾನಿರೋದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದಲ್ಲಿ. ನಮ್ಮ ಕಟ್ಟಡಕ್ಕೆ ಫೈಬರ್ ಬಂತು. ಈ ಭಾಗದ ಒಂದು ಕಂಪನಿ, ಹೆಸರು ಬೇಡ ಬಿಡಿ. ಇಂಟರ್ನೆಟ್, ಫೋನು, ಟೀವಿ ಮೂರೂ ಒಂದೇ ಗಂಟಿನಲ್ಲಿ. ರೌಟರ್ ಬೇಕಾದ್ರೆ ಅವರದ್ದೇ ಬಾಡಿಗೆಗೆ ಕೊಡ್ತಾರೆ. ನನ್ನ ಹತ್ತಿರ ಆಗಲೇ ಒಂದು ರೌಟರ್ ಇತ್ತು, ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹಾಕಿಕೊಂಡಿದ್ದೆ. ಗೊತ್ತಿಲ್ಲದವರಿಗೆ ಒಂದು ಮಾತು: 2003ರಲ್ಲಿ ಲಿಂಕ್‌ಸಿಸ್ ಕಂಪನಿ ತನ್ನ ಡಬ್ಲ್ಯುಆರ್‌ಟಿ54ಜಿ ರೌಟರಿನ ಸೋರ್ಸ್ ಕೋಡನ್ನು ಜಿಪಿಎಲ್ ಲೈಸೆನ್ಸಿನ ಕಾರಣಕ್ಕೆ ಹೊರಗೆ ಬಿಡಬೇಕಾಯ್ತು. 2004ರಲ್ಲಿ ಅದರಿಂದ ಹುಟ್ಟಿಕೊಂಡಿದ್ದೇ ಓಪನ್‌ಡಬ್ಲ್ಯುಆರ್‌ಟಿ. ಕಂಪನಿಯವರು "ಇದು ಹಳೇದಾಯ್ತು, ಹೊಸದು ತಗೊಳ್ಳಿ" ಅಂತ ಕೈಬಿಟ್ಟ ಎಷ್ಟೋ ರೌಟರುಗಳು ಈ ತಂತ್ರಾಂಶದ ದಯದಿಂದ ಇನ್ನೂ ಅಪ್‌ಡೇಟ್ ಪಡೀತಾ ಬದುಕಿವೆ. ನನಗೆ ಅದೇ ಇಷ್ಟ. ಮಗನಿಗೆ ರಾತ್ರಿ ಒಂಬತ್ತಕ್ಕೆ ನೆಟ್ ನಿಲ್ಲಿಸಬೇಕು, ಶಿವಮೊಗ್ಗದ ಅಪ್ಪನ ಕಂಪ್ಯೂಟರಿಗೆ ಇಲ್ಲಿಂದ ಹೋಗಿ ಅದು ಯಾಕೆ ಮುಷ್ಕರ ಹೂಡಿದೆ ಅಂತ ನೋಡಬೇಕು. ಇದನ್ನೆಲ್ಲ ಬಾಡಿಗೆ ಡಬ್ಬಿಯಲ್ಲಿ ಮಾಡೋಕೆ ಹೋದರೆ ಅರ್ಧಕ್ಕರ್ಧ ಮೆನು ಬೂದಿ ಬಣ್ಣದಲ್ಲಿ ಕೂತಿರುತ್ತೆ, ಒತ್ತೋಕೆ ಆಗೋದಿಲ್ಲ.

ಇಂಟರ್ನೆಟ್ ಹತ್ತೇ ನಿಮಿಷದಲ್ಲಿ ಬಂತು. ಫೋನೂ ಬಂತು. ಅವೆರಡಕ್ಕೂ ಬೇಕಾದ ಯೂಸರ್‌ನೇಮು, ಪಾಸ್‌ವರ್ಡು ಎಲ್ಲ ಅಚ್ಚುಕಟ್ಟಾಗಿ ಒಂದು ಹಾಳೆಯಲ್ಲಿ ಮುದ್ರಿಸಿ ಕಳಿಸಿದ್ದರು. ಟೀವಿ ಬಗ್ಗೆ ಆ ಹಾಳೆಯಲ್ಲಿ ಇದ್ದಿದ್ದು ಒಂದೇ ಸಾಲು: ಪೆಟ್ಟಿಗೆಯನ್ನು ರೌಟರಿಗೆ ಜೋಡಿಸಿ.

ಜೋಡಿಸಿದೆ. ಚಾನೆಲ್ ಹಾಕಿದ ತಕ್ಷಣ ಚಿತ್ರ ಬಂತು. ಹತ್ತು ಸೆಕೆಂಡಿಗೆ ನಿಂತುಹೋಯ್ತು. ಇನ್ನೊಂದು ಚಾನೆಲ್, ಮತ್ತೆ ಹತ್ತು ಸೆಕೆಂಡ್, ಮತ್ತೆ ನಿಂತಿತು. ಇಲ್ಲಿ ರಾತ್ರಿ ಎಂಟಕ್ಕೆ ಟಾಗೆಸ್‌ಶಾವ್ ಅಂತ ಹದಿನೈದು ನಿಮಿಷದ ವಾರ್ತೆ ಬರುತ್ತೆ, ನಮ್ಮ ಮನೆಯವಳು ಜರ್ಮನ್ ಬಿ1 ಪರೀಕ್ಷೆಗೆ ಅದನ್ನೇ ಪಾಠ ಮಾಡಿಕೊಂಡಿದ್ದಾಳೆ. ಒಂದು ವಾಕ್ಯ ಕೇಳೋದು, ವಾಚಕಿ ಬಾಯಿ ತೆರೆದುಕೊಂಡೇ ಕಲ್ಲಾಗಿ ಕೂರೋದು. ಜರ್ಮನ್ ಭಾಷೆಯಲ್ಲಿ ಕ್ರಿಯಾಪದ ಎಷ್ಟೋ ಸಲ ವಾಕ್ಯದ ಕೊನೆಗೆ ಬರುತ್ತೆ ಅನ್ನೋದು ನಿಮಗೆ ಗೊತ್ತಿದ್ದರೆ ಆ ಸಂಕಟ ಅರ್ಥವಾದೀತು :)

ಇದು ಯಾಕೆ ಹೀಗೆ ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ. ಜಗಳದ ಮೂಲ ಇರೋದೇ ಅಲ್ಲಿ.

ಯೂಟ್ಯೂಬಿನಂಥದ್ದು ಬರೋದು ಅಂಚೆ ಕಾಗದದ ಹಾಗೆ. ನಿಮಗೊಂದು, ನನಗೊಂದು, ಎದುರು ಮನೆಯವರಿಗೆ ಇನ್ನೊಂದು. ಒಂದೇ ಕ್ರಿಕೆಟ್ ಮ್ಯಾಚನ್ನು ಸಾವಿರ ಮನೆಗಳಲ್ಲಿ ತಲಾ 8 ಎಂಬಿಪಿಎಸ್‌ನಲ್ಲಿ ನೋಡ್ತಾ ಇದ್ದರೆ ಒಟ್ಟು 8 ಜಿಬಿಪಿಎಸ್ ಹರೀಬೇಕು. ಫೋನ್ ಕಂಪನಿಗಳು ಟೀವಿ ಕಳಿಸೋಕೆ ಹೊರಟಾಗ ಇದು ಕೈಗೆಟುಕೋ ಮಾತಾಗಿರಲಿಲ್ಲ. ಅದಕ್ಕೇ ಮಲ್ಟಿಕಾಸ್ಟ್ ಅನ್ನೋ ಉಪಾಯ ಹಿಡಿದರು. ವಠಾರಕ್ಕೆ ಪೇಪರ್ ಹಾಕೋ ಹುಡುಗನನ್ನ ನೆನೆಸಿಕೊಳ್ಳಿ. ಏಜೆಂಟ್ ಅವನ ಕೈಗೆ ಒಂದೇ ಒಂದು ಪ್ರತಿ ಕೊಡ್ತಾನೆ. ಹುಡುಗ ವಠಾರದ ಬಾಗಿಲಲ್ಲಿ ನಿಂತು "ಯಾರಿಗೆ ಬೇಕು?" ಅಂತ ಕೂಗ್ತಾನೆ. "ನಮಗೆ" ಅಂದವರಿಗೆ ಮಾತ್ರ ಅಲ್ಲೇ ನಕಲು ತೆಗೆದು ಕೊಡ್ತಾನೆ. ಹೀಗಾಗಿ ಊರಿನ ತನಕ ಬರೋದು ಒಂದೇ ಪ್ರತಿ, ಅಂದ್ರೆ ಸಾವಿರ ಮನೆಗೂ ಸೇರಿ ಮುಖ್ಯ ಕೇಬಲಿನಲ್ಲಿ 8 ಎಂಬಿಪಿಎಸ್ ಮಾತ್ರ. ಇದಕ್ಕೆ 224ರಿಂದ 239ರವರೆಗೆ ಶುರುವಾಗೋ ಐಪಿ ವಿಳಾಸಗಳನ್ನೇ ಬೇರೆ ಮಾಡಿ ಇಟ್ಟಿದ್ದಾರೆ. "ನಮಗೆ ಬೇಕು" ಅಂತ ಹೇಳೋ ಭಾಷೆಯ ಹೆಸರು ಐಜಿಎಂಪಿ. ಮೊದಲ ಆವೃತ್ತಿ ಬಂದಿದ್ದು 1989ರಲ್ಲಿ, ಎರಡನೆಯದು 1997ರಲ್ಲಿ, ಮೂರನೆಯದು 2002ರಲ್ಲಿ. ಗುಟ್ಟಿನ ತಂತ್ರಜ್ಞಾನ ಏನಲ್ಲ, ಯಾರು ಬೇಕಾದರೂ ಓದಬಹುದಾದ ದಾಖಲೆಗಳು.

ಈಗ ವಠಾರದ ಗೇಟಿಗೆ ನೀವು ನಿಮ್ಮದೇ ವಾಚ್‌ಮನ್ ಇಟ್ಟಿರಿ ಅನ್ನಿ. ಅವನೇ ನಿಮ್ಮ ರೌಟರ್. ಒಳಗಿರೋ ಟೀವಿ ಪೆಟ್ಟಿಗೆ "ನಮಗೆ ಬೇಕು" ಅಂತ ಕೂಗಿದ್ದನ್ನ ಅವನು ಹೊರಗೆ ದಾಟಿಸಬೇಕು. ಹೇಳಿಕೊಡದಿದ್ದರೆ ಅವನು ದಾಟಿಸೋದಿಲ್ಲ, ಸುಮ್ಮನೆ ಕೂತಿರ್ತಾನೆ. ಮತ್ತೆ ಮೊದಲ ಹತ್ತು ಸೆಕೆಂಡು ಹೇಗೆ ಬಂತು? ಚಾನೆಲ್ ಬೇಗ ಬದಲಾದ ಹಾಗೆ ಕಾಣಲಿ ಅಂತ ಶುರುವಿನ ಒಂದಿಷ್ಟನ್ನು ಮಾಮೂಲಿ ಅಂಚೆಯಲ್ಲೇ ಕಳಿಸೋ ಪದ್ಧತಿ ಇಂಥ ಕೆಲವು ಟೀವಿ ವ್ಯವಸ್ಥೆಗಳಲ್ಲಿ ಇದೆ. ಆ ಕಾಗದ ಮುಗಿಯೋ ಹೊತ್ತಿಗೆ ಪೇಪರ್ ಹುಡುಗ ಬಂದಿರಬೇಕು. ಅವನು ಬರದಿದ್ದರೆ ವಾಚಕಿ ಕಲ್ಲಾಗ್ತಾಳೆ.

ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ತುಂಬ ಮರ್ಯಾದೆಯ ಮನುಷ್ಯ. "ನಮ್ಮ ರೌಟರ್ ಹಾಕಿದರೆ ಬರುತ್ತೆ" ಅಂದರು. ಟೀವಿ ಯಾವ ವಿಲ್ಯಾನ್‌ನಲ್ಲಿ ಬರುತ್ತೆ, ಐಜಿಎಂಪಿ ಎರಡೋ ಮೂರೋ ಅಂತ ಕೇಳಿದೆ. ಆ ಮಾಹಿತಿ ತಮ್ಮ ಹತ್ತಿರ ಇಲ್ಲ ಅಂದರು, "ನಮ್ಮ ರೌಟರ್ ಹಾಕಿದರೆ ಬರುತ್ತೆ" ಅಂತ ಮತ್ತೊಮ್ಮೆ ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಧಾಟಿ. ಸ್ವಾಮಿ, ಕುಣಿಯೋದು ನಾನು ನೋಡ್ಕೋತೀನಿ, ನೆಲದ ಮೇಲೆ ಸ್ವಲ್ಪ ಬೆಳಕು ಹಾಕಿ ಅಂತಷ್ಟೇ ನಾನು ಕೇಳಿದ್ದು.

ವಿಲ್ಯಾನ್ ಅಂದ್ರೆ ಒಂದೇ ತಂತಿಯಲ್ಲಿ ಬೇರೆ ಬೇರೆ ಸರಕಿಗೆ ಅಂಟಿಸೋ ನಂಬರಿನ ಚೀಟಿ. 1ರಿಂದ 4094ರವರೆಗೆ ಯಾವುದನ್ನು ಬೇಕಾದರೂ ಕಂಪನಿ ಆರಿಸಿಕೊಳ್ಳಬಹುದು. ಮಲೇಷಿಯಾದ ಯೂನಿಫೈಗೆ ಇಂಟರ್ನೆಟ್ 500, ಟೀವಿ 600. ಇಲ್ಲಿನ ಡಾಯ್ಚ ಟೆಲಿಕಾಂನ ಹಳೆಯ ಎಂಟರ್ಟೇನ್ ಕಾಲದಲ್ಲಿ ಇಂಟರ್ನೆಟ್ 7, ಟೀವಿ 8 ಇತ್ತು, ಆಮೇಲೆ ಎರಡೂ 7ಕ್ಕೇ ಬಂದವು. ಟಿಪಿ-ಲಿಂಕ್ ರೌಟರುಗಳಲ್ಲಿ ಐಪಿಟಿವಿ ಅಂತ ಒಂದು ಪುಟವೇ ಇರುತ್ತೆ ನೋಡಿ, ಅದರಲ್ಲಿ ಸಿಂಗಪುರ, ಮಲೇಷಿಯಾ, ರಷ್ಯಾ ಅಂತ ಸಿದ್ಧ ಪಟ್ಟಿ. ಆರಿಸಿದರೆ ನಂಬರು ತಾನೇ ತುಂಬಿಕೊಳ್ಳುತ್ತೆ. ಒಂದು ಊರಿನ ಕಂಪನಿಯ ನಂಬರು ಜಗತ್ತಿನಾದ್ಯಂತ ಮಾರೋ ರೌಟರಿನ ಮೆನುವಿನಲ್ಲಿ ಅಚ್ಚಾಗಿರುವಾಗ, ಅದೇನು ಬ್ರಹ್ಮರಹಸ್ಯ ಅಂತ ಮುಚ್ಚಿಡೋ ಕಂಪನಿಗಳ ಬಗ್ಗೆ ಏನು ಹೇಳೋಣ?

ಕೊನೆಗೆ ನಾನು ಮಾಡಿದ್ದು ಇಷ್ಟು. ಅವರ ರೌಟರನ್ನೇ ಒಂದು ತಿಂಗಳಿಗೆ ತರಿಸಿ, ಫೈಬರ್ ಡಬ್ಬಿಗೂ ಅದಕ್ಕೂ ನಡುವೆ ಒಂದು ಸ್ವಿಚ್ ಇಟ್ಟು, ಹಳೆ ಲ್ಯಾಪ್‌ಟಾಪಿನಲ್ಲಿ ಟಿಸಿಪಿಡಂಪ್ ಹಾಕಿ ಹೋಗೋದು ಬರೋದನ್ನ ನೋಡಿದೆ. ನನ್ನ ಮನೆ, ನನ್ನ ತಂತಿ, ನಾನು ದುಡ್ಡು ಕೊಟ್ಟ ಟೀವಿ, ಆದರೂ ಕಳ್ಳನ ಹಾಗೆ ಇಣುಕಬೇಕಾಯ್ತು. ಒಂದೇ ಸಂಜೆಯಲ್ಲಿ ಟೀವಿಯ ವಿಲ್ಯಾನ್ ನಂಬರು, ಐಜಿಎಂಪಿ ಆವೃತ್ತಿ, ಚಿತ್ರ ಹೊರಡೋ ಸರ್ವರುಗಳ ವಿಳಾಸದ ಗುಂಪು, ಮೂರೂ ಸಿಕ್ಕವು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಐಜಿಎಂಪಿಪ್ರಾಕ್ಸಿ ಅನ್ನೋದು ತಾನಾಗೇ ಇರೋದಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಅದಕ್ಕೆ ಈ ವಿಳಾಸದ ಗುಂಪನ್ನು ಹೇಳಿಕೊಡದಿದ್ದರೆ ಅದು ಗುರುತಿಲ್ಲದ ಊರಿಂದ ಬಂದ ಚಿತ್ರವನ್ನು ಒಳಗೆ ಬಿಡೋದಿಲ್ಲ. ಹೇಳಿಕೊಟ್ಟೆ. ಟೀವಿ ಬಂತು, ಹತ್ತು ಸೆಕೆಂಡು ದಾಟಿತು.

ನಾಲ್ಕು ನಿಮಿಷ ಆದಮೇಲೆ ಒಳಗಿಂದ ಕೂಗು, "ರೀ, ಮತ್ತೆ ನಿಂತೋಯ್ತು!"

ಗಡಿಯಾರ ಹಿಡಿದು ನೋಡಿದೆ. ಪ್ರತಿ ಸಲವೂ ನಾಲ್ಕು ನಿಮಿಷ ಚಿಲ್ಲರೆ. ಇಂಥ ಲೆಕ್ಕ ಕಂಡರೆ ಖುಷಿಪಡಬೇಕು, ಯಾಕಂದ್ರೆ ಸುಮ್ಮಸುಮ್ಮನೆ ಕೆಟ್ಟಿದ್ದು ಯಾವತ್ತೂ ಟೈಮಿಗೆ ಸರಿಯಾಗಿ ಕೆಡೋದಿಲ್ಲ. ಪೇಪರ್ ಹುಡುಗ ಆಗಾಗ ಬಂದು "ಇನ್ನೂ ಬೇಕಾ?" ಅಂತ ಕೇಳ್ತಾನೆ, ಐಜಿಎಂಪಿ ದಾಖಲೆಯಲ್ಲಿ ಬರೆದಿರೋ ಪ್ರಕಾರ 125 ಸೆಕೆಂಡಿಗೊಮ್ಮೆ. ಎರಡು ಸಲ ಕೇಳಿ, ಮೇಲೊಂದು ಹತ್ತು ಸೆಕೆಂಡು ಕಾದು, ಒಟ್ಟು 260 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಇವರಿಗೆ ಬೇಡ ಅಂತ ನಿಲ್ಲಿಸಿಬಿಡ್ತಾನೆ. 260 ಅಂದ್ರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್. ಓಪನ್‌ಡಬ್ಲ್ಯುಆರ್‌ಟಿಯ ಫೈರ್‌ವಾಲಿನಲ್ಲಿ ಮಾಮೂಲಿ ಇಂಟರ್ನೆಟ್ ಬಾಗಿಲಿಗೆ ಐಜಿಎಂಪಿಯನ್ನು ಒಳಗೆ ಬಿಡೋ ನಿಯಮ ಮೊದಲಿಂದ ಇರುತ್ತೆ, ಟೀವಿಗೆ ಅಂತ ತೆರೆದ ಹೊಸ ಬಾಗಿಲಿಗೆ ಇರೋದಿಲ್ಲ. ಹುಡುಗ ಕೇಳ್ತಾನೇ ಇದ್ದ, ವಾಚ್‌ಮನ್ ಕಿವಿ ಮುಚ್ಚಿಕೊಂಡಿದ್ದ. ಒಂದು ನಿಯಮ ಸೇರಿಸಿದೆ, ಟಾಗೆಸ್‌ಶಾವ್ ಹದಿನೈದು ನಿಮಿಷವೂ ನಡೀತು.

ಇನ್ನೊಂದು ಕೀಟಲೆ ಉಳಿದಿತ್ತು. ಟೀವಿ ಹಾಕಿದ ಹೊತ್ತಿಗೆ ಮನೆಯ ವೈಫೈ ಆಮೆಯಾಗ್ತಿತ್ತು. ರೌಟರ್ ಟೀವಿಯ ಹರಿವನ್ನು ಟೀವಿ ಇರೋ ತಂತಿಗೆ ಮಾತ್ರ ಕೊಡದೆ ಎಲ್ಲ ಕಡೆಗೂ, ಗಾಳಿಗೂ ಬಿಡ್ತಾ ಇದ್ದರೆ ಹೀಗಾಗುತ್ತೆ. ವೈಫೈನಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳೋ ಮಾತನ್ನು ಕಡಿಮೆ ವೇಗದಲ್ಲೇ ಹೇಳೋದು ವಾಡಿಕೆ, ಮೇಷ್ಟ್ರು ಉಕ್ತಲೇಖನ ಕೊಡುವಾಗ ಹಿಂದಿನ ಬೆಂಚಿನವನ ಕೈ ವೇಗಕ್ಕೆ ಓದಿದ ಹಾಗೆ. 8 ಎಂಬಿಪಿಎಸ್ ಚಿತ್ರವನ್ನು ಆ ವೇಗದಲ್ಲಿ ಓದೋಕೆ ಹೋದರೆ ಬೇರೆ ಯಾರಿಗೂ ಬಾಯಿ ಬಿಡೋಕೆ ಸಮಯ ಸಿಗೋದಿಲ್ಲ. ಐಜಿಎಂಪಿ ಸ್ನೂಪಿಂಗ್ ಅನ್ನೋದನ್ನ ಆನ್ ಮಾಡಿದೆ, ಸರಿಹೋಯ್ತು. ಅವರ ರೌಟರನ್ನು ಅದರ ಡಬ್ಬಿಯಲ್ಲೇ ಹಾಕಿ ವಾಪಸ್ ಕಳಿಸಿದೆ.

ಇಷ್ಟೆಲ್ಲ ಬರೆದಿದ್ದು ನನ್ನ ಸಾಹಸ ಹೇಳಿಕೊಳ್ಳೋಕಲ್ಲ. ನನಗೆ ಇದರಲ್ಲಿ ಒಂದು ಚಟ ಇದೆ, ಸಂಜೆ ಹೊತ್ತು ಹೋಯ್ತು. ಚಟ ಇಲ್ಲದವರು ಏನು ಮಾಡಬೇಕು? ಮೂರು ನಂಬರಿನ ಒಂದು ಚೀಟಿ ಕೊಟ್ಟಿದ್ದರೆ ಮುಗೀತಿತ್ತಲ್ಲ?

ತಮಾಷೆ ಅಂದ್ರೆ ಈ ದೇಶದಲ್ಲಿ ಅದಕ್ಕೆ ಕಾನೂನೇ ಇದೆ. ಮೊದಲು ಇಲ್ಲಿನ ಕೆಲವು ಕಂಪನಿಗಳು ಇಂಟರ್ನೆಟ್ಟಿನ, ಫೋನಿನ ಪಾಸ್‌ವರ್ಡನ್ನೇ ಕೊಡ್ತಿರಲಿಲ್ಲ. ಜನ ಅದನ್ನು ರೌಟರ್‌ತ್ಸ್ವಾಂಗ್ ಅಂತ ಕರೆದರು, ರೌಟರ್ ಬಲವಂತ ಅಂತ ಅರ್ಥ. ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನವರು 2013ರಿಂದ ಇದರ ವಿರುದ್ಧ ಪಟ್ಟು ಹಿಡಿದು ಓಡಾಡಿದರು. 2016ರ ಆಗಸ್ಟ್ 1ರಿಂದ ಕಾನೂನು ಜಾರಿಗೆ ಬಂತು. ಕಂಪನಿಯ ಜಾಲ ಗೋಡೆಯ ಪ್ಲಗ್ಗಿಗೆ ಮುಗೀತು, ಅಲ್ಲಿಂದ ಈಚೆಗೆ ಗ್ರಾಹಕನ ಇಷ್ಟ. ನಾನು ಮೇಲೆ ಹೇಳಿದ ಮೀಟರಿನ ಲೆಕ್ಕವೇ. ಜೊತೆಗೆ ಉಪಕರಣ ಜೋಡಿಸೋಕೆ, ಸೇವೆ ಬಳಸೋಕೆ ಬೇಕಾದ ಮಾಹಿತಿಯನ್ನು ಬರಹದಲ್ಲಿ, ಕೇಳದೆಯೇ, ಪುಕ್ಕಟೆಯಾಗಿ, ಒಪ್ಪಂದದ ಹೊತ್ತಿಗೇ ಕೊಡಬೇಕು ಅಂತಲೂ ಬರೆದಿದ್ದಾರೆ. ಎಷ್ಟು ಚೆನ್ನಾಗಿದೆ ನೋಡಿ, "ಕೇಳದೆಯೇ" ಅನ್ನೋ ಮಾತು.

ಇಂಟರ್ನೆಟ್ಟಿಗೆ, ಫೋನಿಗೆ ಆ ಮಾತು ನಡೆಯಿತು. ಹಾಳೆ ಬಂತಲ್ಲ. ಟೀವಿಗೆ ಬಂದಾಗ ಮಾತ್ರ ನಮ್ಮ ಕಂಪನಿ ಜಾಣ ಕುರುಡು. ಹಕ್ಕು ಕೊಟ್ಟ ಹಾಗೂ ಆಯ್ತು, ಅದನ್ನು ಬಳಸೋಕೆ ಆಗದ ಹಾಗೂ ಆಯ್ತು. "ನಿಮ್ಮ ರೌಟರ್ ಧಾರಾಳವಾಗಿ ಹಾಕಿ, ಟೀವಿ ಬರದಿದ್ದರೆ ನಮ್ಮನ್ನು ಕೇಳಬೇಡಿ" ಅಂದ್ರೆ ಸಂಸಾರಸ್ಥರು ಏನು ಮಾಡ್ತಾರೆ? ಎರಡು ದಿನ ಮನೆಯಲ್ಲಿ ಬೈಸಿಕೊಂಡು ಮೂರನೇ ದಿನ ಬಾಡಿಗೆ ಡಬ್ಬಿ ತರಿಸ್ತಾರೆ. ಟೀವಿಯೇ ಗಾಳ, ಅದರ ದಾರದ ತುದಿಯಲ್ಲಿ ರೌಟರ್ ಕಟ್ಟಿಟ್ಟಿದ್ದಾರೆ.

ಕಂಪನಿಯವರ ಕಡೆಯ ಮಾತೂ ಪೂರ್ತಿ ಸುಳ್ಳಲ್ಲ. ಸಾವಿರ ನಮೂನೆಯ ರೌಟರುಗಳಿಗೆ ಫೋನಿನಲ್ಲಿ ಪಾಠ ಹೇಳೋಕೆ ಯಾರಿಂದಲೂ ಆಗಲ್ಲ, ಒಪ್ಪಿದೆ. ನನ್ನ ವಾಚ್‌ಮನ್ ಕಿವುಡಾದರೆ ಅದು ನನ್ನ ತಲೆನೋವು. ನಾನು ಸೇವೆ ಕೇಳ್ತಿಲ್ಲ, ಮಾಹಿತಿ ಕೇಳ್ತಿದ್ದೀನಿ. ಅದಕ್ಕೆ ಹೆಲ್ಪ್‌ಲೈನಿನ ಮನುಷ್ಯನೂ ಬೇಡ, ಹಾಳೆಯಲ್ಲಿ ಮೂರು ಸಾಲು ಹೆಚ್ಚಿಗೆ ಅಚ್ಚು ಹಾಕಿದರೆ ಸಾಕು.

"ನಮ್ಮ ರೌಟರ್ ಸುರಕ್ಷಿತ" ಅನ್ನೋ ವಾದವನ್ನು ಮಾತ್ರ ನಾನು ಒಪ್ಪೋದಿಲ್ಲ. 2016ರ ನವೆಂಬರ್ ಕೊನೆಯಲ್ಲಿ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಇಂಟರ್ನೆಟ್, ಫೋನು, ಟೀವಿ ಕೆಟ್ಟು ಕೂತಿದ್ದವು. ಕಂಪನಿಗಳು ದೂರದಿಂದ ರೌಟರ್ ನಿರ್ವಹಿಸೋಕೆ ಬಳಸೋ ಬಾಗಿಲನ್ನು ಮಿರಾಯ್ ಅನ್ನೋ ಹುಳುವಿನ ಒಂದು ತಳಿ ತಟ್ಟಿತ್ತು. ಅದು ಒಳಗೆ ಹೊಕ್ಕಲಿಲ್ಲ, ಆದರೆ ತಟ್ಟಿದ ರಭಸಕ್ಕೇ ಕೆಲವು ಮಾದರಿಯ ರೌಟರುಗಳು ಮಲಗಿಬಿಟ್ಟವು. ತೋಟದ ತುಂಬ ಒಂದೇ ತಳಿ ಅಡಿಕೆ ಇದ್ದು ಕೊಳೆರೋಗ ಬಂದ ಹಾಗೆ. ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ರೌಟರ್ ಇರೋದೂ ಒಂದು ರಕ್ಷಣೆಯೇ.

"ಈಗ ಎಲ್ಲ ಆ್ಯಪ್‌ನಲ್ಲೇ ಬರುತ್ತಲ್ಲ, ಈ ಪೆಟ್ಟಿಗೆ ಯಾಕೆ ಮಾರಾಯ?" ಅಂತ ಆಫೀಸಿನ ಗೆಳೆಯ ಕೇಳಿದ. ನಿಜ, ಟೀವಿ ಕಂಪನಿಗಳೂ ಮೆಲ್ಲಗೆ ಅತ್ತ ವಾಲ್ತಿವೆ, ಆ್ಯಪಿಗೆ ವಿಲ್ಯಾನೂ ಬೇಡ ಐಜಿಎಂಪಿಯೂ ಬೇಡ. ಆದರೆ ಇವನು ಫುಟ್ಬಾಲ್ ನೋಡೋನಲ್ಲ. ಪಕ್ಕದ ಮನೆಯವರು ಗೋಲ್ ಅಂತ ಕಿರುಚಿ, ಕುಣಿದು, ಕೂತಾದ ಮೇಲೆ ನಮ್ಮ ಆ್ಯಪಿನಲ್ಲಿ ಚೆಂಡು ಇನ್ನೂ ಮಧ್ಯದಲ್ಲೇ ಇರುತ್ತೆ. ಅದೂ ಅಲ್ಲದೆ ಒಂದು ಪ್ರತಿಯಲ್ಲಿ ಆಗೋ ಕೆಲಸಕ್ಕೆ ಸಾವಿರ ಪ್ರತಿ ಹೊರೆಸೋದು ಎಂಜಿನಿಯರನಾಗಿ ನನಗೆ ಯಾಕೋ ಹಿಡಿಸೋದಿಲ್ಲ. (ಕನ್ನಡ ಚಾನೆಲ್ ಈ ಪೆಟ್ಟಿಗೆಯಲ್ಲಿ ಒಂದೂ ಇಲ್ಲ ಅನ್ನೋದು ಬೇರೆ ಗೋಳು.)

ಇದನ್ನ ಕನ್ನಡದಲ್ಲಿ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮೂರಿಗೂ ಇದು ಬಂದಾಯ್ತು. ಕೇಂದ್ರ ಸರ್ಕಾರ ಐಪಿಟಿವಿಗೆ ಮಾರ್ಗಸೂಚಿ ಹೊರಡಿಸಿದ್ದು 2008ರಲ್ಲೇ. ಆಗ ಅದು ಅಷ್ಟಾಗಿ ಹಬ್ಬಲಿಲ್ಲ, ಕೇಬಲ್ಲು ಮತ್ತು ಡಿಶ್ಶಿನ ಭರಾಟೆ. ಈಗ ಫೈಬರ್ ಬೀದಿ ಬೀದಿಗೆ ಬಂದಿದೆ. 2024ರಲ್ಲಿ ಬಿಎಸ್‌ಎನ್‌ಎಲ್ ತನ್ನ ಫೈಬರ್ ಮೇಲೆ ಟೀವಿ ಕೊಡೋಕೆ ಶುರು ಮಾಡಿತು, 2025ರ ಮಾರ್ಚಿನಲ್ಲಿ ಏರ್‌ಟೆಲ್ 2000 ಊರುಗಳಲ್ಲಿ ಐಪಿಟಿವಿ ಅಂತ ಪ್ರಕಟಿಸಿತು. ನೆಟ್ಟೂ ಟೀವಿಯೂ ಒಂದೇ ಗಂಟಿನಲ್ಲಿ ಬರೋ ಕಾಲ. ಜರ್ಮನಿಯವರು 2016ರಲ್ಲಿ ಬರೆದುಕೊಂಡಂಥ ನಿಯಮವನ್ನು ನಾವೂ ಈಗಲೇ ಕೇಳಬೇಕು, ಅದೂ ಟೀವಿಯನ್ನು ಹೆಸರಿಸಿಯೇ ಕೇಳಬೇಕು. ಗಂಟು ಬಿಗಿಯಾದ ಮೇಲೆ ಬಿಚ್ಚೋದು ಕಷ್ಟ.

ಮೈಸೂರಿನಲ್ಲಿ ನಮ್ಮ ಭಾವನ ಮನೆಗೆ ಫೈಬರ್ ಇದೆ. ಅದರ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಕೇಳಿದ್ದಕ್ಕೆ ಬಂದ ಹುಡುಗ "ಕೊಡೋಕೆ ಪರ್ಮಿಷನ್ ಇಲ್ಲ ಸಾರ್" ಅಂದಿದ್ದನಂತೆ. ಈಗ ಭಾವ ಟೀವಿಯನ್ನೂ ಅದರ ಮೇಲೇ ತಗೋಬೇಕು ಅಂತಿದ್ದಾರೆ. ದುಡ್ಡು ಕಟ್ಟೋ ಮೊದಲು ಕೇಳಿ ಅಂತ ಮೂರು ಪ್ರಶ್ನೆ ಬರೆದು ಕಳಿಸಿದೆ: ನಿಮ್ಮ ಡಬ್ಬಿಯನ್ನು ಬ್ರಿಜ್ ಮೋಡಿಗೆ ಹಾಕಿಕೊಡ್ತೀರಾ, ನಮ್ಮ ರೌಟರ್ ಹಾಕಿದರೂ ಟೀವಿ ಬರುತ್ತಾ, ಬರೋದಾದ್ರೆ ಯಾವ ವಿಲ್ಯಾನ್‌ನಲ್ಲಿ. ಮೊದಲನೆಯದಕ್ಕೆ ಹೂಂ ಅಂದನಂತೆ, ಎರಡನೆಯದಕ್ಕೆ "ನಮ್ಮದೇ ಇಟ್ಕೊಳ್ಳಿ ಸಾರ್, ಟೆನ್ಷನ್ ಇರಲ್ಲ" ಅಂದನಂತೆ. ಮೂರನೆಯದನ್ನು ಭಾವನ ಹತ್ತಿರ ಎರಡು ಸಲ ಹೇಳಿಸಿ ಕೈ ಮೇಲೆ ಬರೆದುಕೊಂಡು ಹೋಗಿದ್ದಾನೆ, ಆಫೀಸಿನಲ್ಲಿ ಕೇಳಿ ಹೇಳ್ತಾನಂತೆ.